ಏಳಕ್ಕೆ ಮುಗಿಯುವ ಶಾಲೆ, ಎಂಟಕ್ಕೆ ಹೋಗಬೇಕಾದ ಮಗು

ಕರ್ನಾಟಕದ ಸಾವಿರಾರು ಹಳ್ಳಿಗಳಲ್ಲಿ ಏಳನೇ ತರಗತಿ ಮುಗಿಯಿತೆಂದರೆ ಊರಿನ ಶಾಲೆಯೇ ಮುಗಿದಂತೆ. ಮಾರ್ಚ್‌ನಲ್ಲಿ ಪರೀಕ್ಷೆ, ಅದರ ಹಿಂದೆಮುಂದೆ ಬೀಳ್ಕೊಡುಗೆ, ಒಂದು ಗ್ರೂಪ್ ಫೋಟೊ, ಮಕ್ಕಳೇ ದುಡ್ಡು ಹಾಕಿ ಶಾಲೆಗೆ ತಂದುಕೊಟ್ಟ ಗೋಡೆ ಗಡಿಯಾರ. ಏಪ್ರಿಲ್‌ನಲ್ಲಿ ಫಲಿತಾಂಶ. ಎಂಟನೇ ತರಗತಿ ಇರುವುದು ಬೇರೆ ಕಟ್ಟಡದಲ್ಲಿ, ಎಷ್ಟೋ ಸಲ ಬೇರೆ ಊರಿನಲ್ಲಿ. ಅಲ್ಲಿ ಹೆಡ್‌ಮಾಸ್ಟರು ಬೇರೆ, ಹಾಜರಿ ಪುಸ್ತಕ ಬೇರೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಎಂಟನೇ ತರಗತಿಯವರೆಗಿನ ಓದನ್ನು ಒಂದೇ ಘಟಕವಾಗಿ ನೋಡುತ್ತದೆ. ನಮ್ಮ ಶಾಲೆಗಳು ಬೆಳೆದುಬಂದ ರೀತಿ ಹಾಗಿಲ್ಲ. ಐದರವರೆಗೆ ಕಿರಿಯ ಪ್ರಾಥಮಿಕ, ಏಳರವರೆಗೆ ಹಿರಿಯ ಪ್ರಾಥಮಿಕ, ಎಂಟರಿಂದ ಹತ್ತರವರೆಗೆ ಪ್ರೌಢಶಾಲೆ. ಕಾಯ್ದೆ ಬಂದ ಮೇಲೆ ಕೆಲವು ಹಿರಿಯ ಪ್ರಾಥಮಿಕ ಶಾಲೆಗಳಿಗೆ ಎಂಟನೇ ತರಗತಿ ಸೇರಿಸಲಾಯಿತು. 2018–19ರಿಂದ ಶುರುವಾದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಒಂದೇ ಆವರಣದೊಳಗೆ ಪಿಯುಸಿವರೆಗೂ ಓದಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನ್ನು ಒಂದು ಹಂತ ಮಾಡಿತು. ರಾಜ್ಯ ಶಿಕ್ಷಣ ನೀತಿ ರೂಪಿಸಲು ನೇಮಕವಾದ ಸುಖದೇವ್ ಥೋರಟ್ ಆಯೋಗ 2025ರಲ್ಲಿ ಕೊಟ್ಟ ವರದಿಯೂ ಎಂಟರವರೆಗೆ ಒಂದು ಹಂತ ಎಂದೇ ಹೇಳಿತು. ಕಾಗದದ ಮೇಲೆ ಗೆರೆ ಎಲ್ಲೆಲ್ಲಿ ಬಿದ್ದರೂ ಸರ್ಕಾರಿ ಶಾಲೆಯ ಹೆಚ್ಚಿನ ಮಕ್ಕಳ ಪಾಲಿಗೆ ಅದು ಇವತ್ತಿಗೂ ಇರುವುದು ಏಳು ಮತ್ತು ಎಂಟರ ನಡುವೆ.

ಗೆರೆ ಹೊಸದೇನಲ್ಲ. ಧಾರವಾಡದ ಕಡೆಯ ಹಿರಿಯರು ಏಳನೆಯದನ್ನು ಮುಲ್ಕಿ ಎಂದು ನೆನೆಯುತ್ತಾರೆ. ಮುಲ್ಕಿ ಪಾಸಾದವರಿಗೆ ಕನ್ನಡ ಶಾಲೆಯ ಮಾಸ್ತರಿಕೆ ಸಿಗುತ್ತಿದ್ದ ಕಾಲವೊಂದಿತ್ತು. ಮುಂದೆಯೂ ಬಹುಕಾಲ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಆ ತಲೆಮಾರಿಗೆ ಏಳು ಎಂದರೆ ಒಂದು ಮುಕ್ತಾಯ. ಪರೀಕ್ಷೆ ಹೋಗಿದೆ, ಮುಕ್ತಾಯವೆಂಬ ಭಾವನೆ ಮಾತ್ರ ಮನೆಗಳಲ್ಲಿ ಉಳಿದುಬಿಟ್ಟಿದೆ. ‘ಏಳು ಆಯ್ತಲ್ಲ, ಇನ್ನು ನೋಡೋಣ’ ಎಂಬ ಮಾತು ಬೇಸಿಗೆಯಲ್ಲಿ ಎಷ್ಟೋ ಮನೆಗಳಲ್ಲಿ ಕೇಳುತ್ತದೆ. ಆ ‘ನೋಡೋಣ’ದಲ್ಲೇ ಮಕ್ಕಳು ಕೈಜಾರುವುದು.

ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗಿನ ಏಳೆಂಟು ವಾರ ಈ ಮಗು ಯಾರ ಲೆಕ್ಕದಲ್ಲಿದೆ ಎಂದು ಕೇಳಿದರೆ ನೇರ ಉತ್ತರ ಸಿಗದು. ಪ್ರಾಥಮಿಕ ಶಾಲೆಯವರು ‘ಟಿ.ಸಿ. ಕೊಟ್ಟಾಯಿತು’ ಎನ್ನುತ್ತಾರೆ. ಪ್ರೌಢಶಾಲೆಯವರು ‘ನಮ್ಮಲ್ಲಿಗೆ ಇನ್ನೂ ಬಂದಿಲ್ಲ’ ಎನ್ನುತ್ತಾರೆ. ಎರಡೂ ಮಾತು ನಿಜ. ವರ್ಗಾವಣೆ ಪತ್ರ ಮನೆಯ ಟ್ರಂಕಿನಲ್ಲಿ ಬಟ್ಟೆಗಳ ಕೆಳಗೆ ಬೆಚ್ಚಗಿರುತ್ತದೆ; ಹುಡುಗ ಮಾವನ ಜೊತೆ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸ ನೋಡಲು ಹೋಗಿರುತ್ತಾನೆ, ಹುಡುಗಿ ತಂಗಿಯನ್ನು ನೋಡಿಕೊಳ್ಳುತ್ತ ಮನೆಯಲ್ಲಿರುತ್ತಾಳೆ. ಕಲ್ಯಾಣ ಕರ್ನಾಟಕದಿಂದ ಗುಳೆ ಹೋಗುವ ಕುಟುಂಬಗಳಲ್ಲಂತೂ ಜೂನ್ ತಿಂಗಳು ಬಂದಾಗ ಮಗು ಇರುವ ಊರು ಒಂದು, ಟಿ.ಸಿ. ಇರುವ ಊರು ಇನ್ನೊಂದು.

ಎರಡು ಶಾಲೆಗಳ ನಡುವಿನ ಈ ಕೊಂಡಿ ತಪ್ಪದಿರಲೆಂದೇ ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶ ಇದೆ. ಪ್ರತಿ ಮಗುವಿಗೂ ಒಂದು ಸ್ಯಾಟ್ಸ್ ಸಂಖ್ಯೆ. ಟಿ.ಸಿ. ಕೂಡ ಈಗ ಇದರ ಮೂಲಕವೇ ತಯಾರಾಗುತ್ತದೆ. ಹಳೇ ಶಾಲೆಯ ಪಟ್ಟಿಯಿಂದ ಹೊರಬಿದ್ದ ಮಗು ಹೊಸ ಶಾಲೆಯ ಪಟ್ಟಿಗೆ ಸೇರಿಲ್ಲವೆಂದರೆ ಅದು ಕಂಪ್ಯೂಟರಿನಲ್ಲಿ ಕಾಣುತ್ತದೆ. ಆದರೆ ಕಂಡದ್ದನ್ನು ಹಿಡಿದು ಯಾರಾದರೂ ಮನೆಬಾಗಿಲಿಗೆ ಹೋಗಬೇಕಲ್ಲ? ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ಪ್ರೌಢಶಾಲೆಯ ಶಿಕ್ಷಕರು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ದಾಖಲಾತಿ ಆಂದೋಲನದ ದಿನಗಳಲ್ಲಿ ಮನೆಮನೆ ತಿರುಗುವುದು ಈ ಕಾರಣಕ್ಕೆ. ಅನುದಾನಿತ ಶಾಲೆಗಳವರು ಇನ್ನೂ ಮುಂಚೆಯೇ ಬರುತ್ತಾರೆ. ಮಕ್ಕಳ ಸಂಖ್ಯೆ ಇಳಿದರೆ ಅವರ ಹುದ್ದೆಗಳಿಗೇ ಕುತ್ತು. ಹೀಗೆ ಸ್ವಂತ ಅಗತ್ಯಕ್ಕೆ ಬಂದವರಿಂದಲೂ ಮಗು ಶಾಲೆ ಸೇರುವುದಾದರೆ ಬೇಡವೆನ್ನುವುದೇಕೆ?

ಕೆಲಸ ಸಲೀಸಾಗಿ ಸಾಗುವ ಕಡೆ ನಡೆಯುವುದು ತೀರಾ ಸರಳ. ಏಳನೇ ತರಗತಿ ಮುಗಿಯುವ ಮೊದಲೇ, ಫೆಬ್ರುವರಿ ಹೊತ್ತಿಗೆ, ಪ್ರಾಥಮಿಕ ಶಾಲೆಯ ಮುಖ್ಯಗುರುಗಳು ಮಕ್ಕಳನ್ನು ಒಂದು ದಿನ ಪ್ರೌಢಶಾಲೆಗೆ ಕರೆದೊಯ್ಯುತ್ತಾರೆ. ಲ್ಯಾಬು, ಆಟದ ಮೈದಾನ, ಶೌಚಾಲಯ, ಬಿಸಿಯೂಟದ ಕೋಣೆ ಎಲ್ಲವನ್ನೂ ಮಕ್ಕಳು ಕಣ್ಣಾರೆ ನೋಡುತ್ತಾರೆ. ಹಿಂದಿನ ವರ್ಷ ಇದೇ ಊರಿನಿಂದ ಬಂದ ಅಕ್ಕ-ಅಣ್ಣಂದಿರು ಮಾತಾಡುತ್ತಾರೆ. ಹೆಸರುಗಳ ಪಟ್ಟಿ ಅಲ್ಲೇ ಕೈಬದಲಾಗುತ್ತದೆ. ಟಿ.ಸಿ.ಯನ್ನು ಪೋಷಕರ ಕೈಗೆ ಕೊಟ್ಟು ಕಳಿಸುವುದಕ್ಕೂ, ಮಗುವಿನ ಜೊತೆಗೇ ಪ್ರೌಢಶಾಲೆಯ ಮೇಜಿಗೆ ತಲುಪಿಸುವುದಕ್ಕೂ ಇರುವ ಅಂತರ ದೊಡ್ಡದು. ಇದಕ್ಕೆ ದೊಡ್ಡ ಅನುದಾನವೇನೂ ಬೇಡ.

ಕಾನೂನು ಕೂಡ ಪೋಷಕರ ಬೆನ್ನಿಗಿದೆ, ಅದು ಅವರಿಗೆ ಗೊತ್ತಿರುವುದು ಕಡಿಮೆ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಓದಿದರೆ ಕರ್ನಾಟಕದ ಏಳನೇ ತರಗತಿಗಾಗಿಯೇ ಬರೆದಂತಿದೆ. ಎಂಟರವರೆಗೆ ಓದಲು ಅನುಕೂಲವಿಲ್ಲದ ಶಾಲೆಯಲ್ಲಿರುವ ಮಗುವಿಗೆ ಬೇರೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಕೇಳುವ ಹಕ್ಕಿದೆ. ಕೇಳಿದ ಕೂಡಲೇ ಹೆಡ್‌ಮಾಸ್ಟರು ಟಿ.ಸಿ. ಕೊಡಬೇಕು, ತಡ ಮಾಡಿದರೆ ಶಿಸ್ತುಕ್ರಮ. ಟಿ.ಸಿ. ಬರುವುದು ತಡವಾಯಿತೆಂದು ಹೊಸ ಶಾಲೆ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಜನನ ಪ್ರಮಾಣಪತ್ರ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ 14ನೇ ಸೆಕ್ಷನ್.

13ನೇ ಸೆಕ್ಷನ್ ಇನ್ನೂ ಹರಿತ. ಪೇಟೆಯ ಹೆಸರಾಂತ ಪ್ರೌಢಶಾಲೆಗಳಲ್ಲಿ ಎಂಟಕ್ಕೆ ಸೇರಿಸಿಕೊಳ್ಳಲು ‘ಚಿಕ್ಕದೊಂದು ಟೆಸ್ಟು’ ಇಡುವುದನ್ನು ಪೋಷಕರು ಸಹಜವೆಂದೇ ಒಪ್ಪಿಕೊಂಡಿದ್ದಾರೆ. ಎಂಟನೇ ತರಗತಿ ಕಾಯ್ದೆಯ ವ್ಯಾಪ್ತಿಯೊಳಗೇ ಇದೆ. ಅಲ್ಲಿಗೆ ಮಗುವನ್ನೋ ತಂದೆತಾಯಿಯನ್ನೋ ಪರೀಕ್ಷಿಸಿ ಆರಿಸಿಕೊಳ್ಳುವುದು ನಿಷಿದ್ಧ. ಮೊದಲ ತಪ್ಪಿಗೆ 25,000 ರೂಪಾಯಿ, ಮುಂದಿನ ಪ್ರತಿ ತಪ್ಪಿಗೂ 50,000 ರೂಪಾಯಿವರೆಗೆ ದಂಡವಿದೆ. ಡೊನೇಷನ್ ವಸೂಲಿ ಮಾಡಿದರೆ ಮಾಡಿದ್ದರ ಹತ್ತು ಪಟ್ಟು. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿರುವುದರಿಂದ ಅಲ್ಲಿನ ಮಾತು ಬೇರೆ. ಉಳಿದ ಕಡೆ ದೂರು ಕೊಡಬೇಕಾದ್ದು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ. ಕೊಡುವವರು ವಿರಳ, ಮಗು ಅದೇ ಶಾಲೆಯಲ್ಲಿ ಮೂರು ವರ್ಷ ಓದಬೇಕಲ್ಲ ಎಂಬ ಅಳುಕು.

ಇನ್ನು ಕಾಗದಪತ್ರ. ಪ್ರೌಢಶಾಲೆಯ ಕಚೇರಿಯಲ್ಲಿ ಸಾಮಾನ್ಯವಾಗಿ ಕೇಳುವುದು ಟಿ.ಸಿ., ಏಳನೇ ತರಗತಿಯ ಪ್ರಗತಿ ಪತ್ರ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡಿನ ನಕಲು, ಬ್ಯಾಂಕ್ ಪಾಸ್‌ಬುಕ್, ಒಂದಷ್ಟು ಫೋಟೊ. ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಮಗುವನ್ನು ತರಗತಿಯಲ್ಲಿ ಕೂರಿಸಲು ಅಡ್ಡಿಯಿಲ್ಲ. ಅಡ್ಡಿ ಬರುವುದು ಸ್ಕಾಲರ್‌ಶಿಪ್ಪಿಗೆ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಸ್ಯಾಟ್ಸ್ ಸಂಖ್ಯೆ, ಆಧಾರ್, ನಾಡಕಚೇರಿಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಮೂರೂ ಒಂದಕ್ಕೊಂದು ಹೊಂದಬೇಕು. ಹಣ ಜಮೆಯಾಗುವುದು ಆಧಾರ್ ಜೋಡಣೆಯಾದ ಖಾತೆಗೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿಯಿದೆ, ಆದ್ದರಿಂದ ಎಂಟನೇ ತರಗತಿಗೆ ಮುಂಚೆ ಹೊಸದಾಗಿ ಮಾಡಿಸಿಟ್ಟರೆ ಪಿಯುಸಿ ಮುಗಿಯುವವರೆಗೆ ಮತ್ತೆ ಸಾಲಿನಲ್ಲಿ ನಿಲ್ಲಬೇಕಿಲ್ಲ. ಜೂನ್‌ನಲ್ಲಿ ನಾಡಕಚೇರಿಯ ಮುಂದೆ ಜಾತ್ರೆಯಂಥ ಜನ. ಏಪ್ರಿಲ್‌ನಲ್ಲಿ ಹೋದವರು ಬೇಗ ಮನೆಗೆ ಮರಳುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಕಾಗದ ಟಿ.ಸಿ.ಯೇ. ಅದರಲ್ಲಿ ಮಗುವಿನ ಹೆಸರು, ತಂದೆತಾಯಿಯ ಹೆಸರು, ಜನ್ಮದಿನಾಂಕ, ಜಾತಿ ಹೇಗಿದೆಯೋ ಪ್ರೌಢಶಾಲೆಯ ದಾಖಲಾತಿ ಪುಸ್ತಕಕ್ಕೆ ಹಾಗೆಯೇ ಇಳಿಯುತ್ತದೆ. ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ. ಅಲ್ಲಿಂದ ಜೀವಮಾನದ ಎಲ್ಲ ದಾಖಲೆಗೆ. ಹಳ್ಳಿಯ ಶಾಲೆಯಲ್ಲಿ ‘ಮಂಜ’ ಎಂದು ಬರೆಸಿದವನು ಆಧಾರ್‌ನಲ್ಲಿ ‘ಮಂಜುನಾಥ’ ಆಗಿರುತ್ತಾನೆ. ಒಂದು ಕಡೆ ಇನಿಷಿಯಲ್ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಬಿಟ್ಟುಹೋಗಿರುತ್ತದೆ. ಕನ್ನಡದಲ್ಲಿ ಒಂದೇ ರೀತಿ ಬರೆಯುವ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಲ್ಲಿ ಬರೆಯಬಹುದು. ಇನ್ನು ಜನ್ಮದಿನ! ನಡುವಯಸ್ಸಿನ ಕನ್ನಡಿಗರಲ್ಲಿ ಜೂನ್ 1ರಂದು ಹುಟ್ಟಿದವರೇ ಯಾಕಿಷ್ಟು ಎಂದು ಯಾರಿಗಾದರೂ ಅನುಮಾನ ಬಂದಿದ್ದರೆ ಉತ್ತರ ಶಾಲೆಯಲ್ಲಿದೆ. ತಂದೆಗೆ ತಾರೀಖು ನೆನಪಿಲ್ಲದಿದ್ದಾಗ, ಶಾಲೆ ಶುರುವಾಗುವ ದಿನಕ್ಕೆ ವಯಸ್ಸು ಸರಿಹೊಂದುವಂತೆ ಮೇಷ್ಟ್ರು ಬರೆದುಕೊಂಡ ತಾರೀಖದು. ಜನನ ನೋಂದಣಿ ಹೆಚ್ಚಿರುವ ಈ ಕಾಲದಲ್ಲಿ ಅಂಥದ್ದು ಕಡಿಮೆಯಾಗಿದೆ. ಆದರೂ ಶಾಲೆಯಲ್ಲೊಂದು, ಜನನ ಪ್ರಮಾಣಪತ್ರದಲ್ಲೊಂದು ತಾರೀಖು ಇರುವ ಮಕ್ಕಳು ಈಗಲೂ ಇದ್ದಾರೆ.

ಇದನ್ನೆಲ್ಲ ಸರಿಪಡಿಸಿಕೊಳ್ಳಲು ಹಳೇ ಶಾಲೆಯ ಮೂಲ ದಾಖಲೆ ಕೈಗೆಟುಕುವ ದೂರದಲ್ಲಿರುವಾಗಲೇ ಹೋಗುವುದು ಜಾಣತನ, ಅಂದರೆ ಟಿ.ಸಿ. ಮುದ್ರಣವಾಗುವ ಮೊದಲು. ಪ್ರೌಢಶಾಲೆಗೆ ಸೇರಿದ ಮೇಲೂ ಎಸ್ಸೆಸ್ಸೆಲ್ಸಿಗೆ ಮುಂಚೆ ಬಿಇಒ ಮೂಲಕ ತಿದ್ದಬಹುದು, ಓಡಾಟ ಹೆಚ್ಚು. ಅಂಕಪಟ್ಟಿ ಬಂದ ಮೇಲೆ ಜನ್ಮದಿನಾಂಕ ಬದಲಿಸಲು ಕೋರ್ಟ್ ಮೆಟ್ಟಿಲನ್ನೇ ಹತ್ತಬೇಕಾದೀತು. ಫೆಬ್ರುವರಿಯಲ್ಲಿ ತಾಯಿಯೋ ತಂದೆಯೋ ಒಂದು ಅರ್ಧ ಗಂಟೆ ಶಾಲೆಗೆ ಹೋಗಿ ದಾಖಲಾತಿ ಪುಸ್ತಕದ ಸಾಲನ್ನು ಓದಿಸಿಕೊಂಡು ಬರುವುದರಿಂದ ಹತ್ತು ವರ್ಷದ ನಂತರದ ಪಾಸ್‌ಪೋರ್ಟ್ ಅರ್ಜಿಯ ರಗಳೆ ತಪ್ಪುತ್ತದೆ. ಆಧಾರ್‌ನ ಬೆರಳಚ್ಚು, ಕಣ್ಣಿನ ಗುರುತನ್ನು ಹದಿನೈದು ತುಂಬಿದಾಗ ನವೀಕರಿಸಬೇಕೆಂಬುದೂ ನೆನಪಿರಲಿ. ಅದು ಸರಿಯಾಗಿ ಒಂಬತ್ತು, ಹತ್ತನೇ ತರಗತಿಯ ನಡುವೆ ಬರುತ್ತದೆ.

ಪ್ರವೇಶ ಅರ್ಜಿಯಲ್ಲಿ ಎರಡು ಚಿಕ್ಕ ಖಾನೆಗಳಿರುತ್ತವೆ: ಮಾಧ್ಯಮ, ಪ್ರಥಮ ಭಾಷೆ. ಬಹಳ ಮನೆಗಳಲ್ಲಿ ಇವನ್ನು ಗುಮಾಸ್ತರು ಕೇಳಿದ ಕ್ಷಣದಲ್ಲಿ, ಪಕ್ಕದ ಮನೆಯವರು ಏನು ಬರೆಸಿದರೋ ಅದನ್ನೇ ಬರೆಸಿ ಮುಗಿಸುತ್ತಾರೆ. ಈ ಎರಡು ಖಾನೆಗಳಷ್ಟು ದೂರ ಹೋಗುವ ನಿರ್ಧಾರ ಆ ಅರ್ಜಿಯಲ್ಲಿ ಬೇರೆ ಇಲ್ಲ.

ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಎಂಟನೇ ತರಗತಿಯಲ್ಲಿ ಪ್ರಥಮ ಭಾಷೆಯಾಗಿ ಕನ್ನಡವಲ್ಲದೆ ಸಂಸ್ಕೃತ, ಇಂಗ್ಲಿಷ್, ಹಿಂದಿ, ಉರ್ದು, ಮರಾಠಿ, ತಮಿಳು, ತೆಲುಗುಗಳ ಆಯ್ಕೆಯೂ ಇದೆ. ಅಂಕ ಸುಲಭ ಎಂಬ ಕಾರಣಕ್ಕೆ ನಗರಗಳಲ್ಲಿ ಅನೇಕರು ಸಂಸ್ಕೃತ ಹಿಡಿಯುತ್ತಾರೆ. ಕರ್ನಾಟಕದ ಅತಿ ದೊಡ್ಡ ಭಾಷಾ ಚಳವಳಿ ಹುಟ್ಟಿದ್ದೇ ಈ ಖಾನೆಯಿಂದ. ಪ್ರೌಢಶಾಲೆಯ ಪ್ರಥಮ ಭಾಷೆಯ ಪ್ರಶ್ನೆ ಬಗೆಹರಿಸಲು 1980ರಲ್ಲಿ ನೇಮಕವಾದ ವಿ.ಕೃ. ಗೋಕಾಕ್ ಸಮಿತಿ, ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕ ಇರಬೇಕು ಎಂದು 1981ರಲ್ಲಿ ವರದಿ ಕೊಟ್ಟಿತು. ಅದರ ಜಾರಿಗಾಗಿ 1982ರಲ್ಲಿ ಡಾ. ರಾಜ್‌ಕುಮಾರ್ ಬೀದಿಗಿಳಿದದ್ದು ಎಲ್ಲರಿಗೂ ಗೊತ್ತು. ಜಗಳ ನಡೆದದ್ದು ಎಂಟನೇ ತರಗತಿಗೆ ಸೇರುವ ಮಗು ತುಂಬುವ ಅರ್ಜಿಯ ಮೇಲೆ ಎಂಬುದು ಅಷ್ಟಾಗಿ ನೆನಪಿಲ್ಲ. ಭಾಷೆ ಆರಿಸುವಾಗ ನೋಡಬೇಕಾದ ಮೊದಲ ಸಂಗತಿ ಸರಳ: ಏಳು ವರ್ಷ ಓದಿದ ಭಾಷೆಯನ್ನು ಬಿಟ್ಟು ಹೊಸ ಭಾಷೆಯ ಅಕ್ಷರದಿಂದ ಶುರು ಮಾಡಲು ಈ ಮಗುವಿಗೆ ನಿಜಕ್ಕೂ ಆಸೆಯಿದೆಯೇ, ಅಥವಾ ಅಂಕದ ಆಸೆ ಅಪ್ಪ-ಅಮ್ಮನದೇ?

ಮಾಧ್ಯಮದ ಮಾತು ಇನ್ನೂ ಸೂಕ್ಷ್ಮ. ಏಳರವರೆಗೆ ಕನ್ನಡದಲ್ಲಿ ಓದಿದ ಮಗುವನ್ನು ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವ ಆಸೆ ಈಗ ಹಳ್ಳಿಗಳಲ್ಲೂ ಜೋರಾಗಿದೆ. ಮಾಧ್ಯಮದ ಆಯ್ಕೆ ಪೋಷಕರದ್ದೇ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿರುವಾಗ ಬೇಡವೆನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ಬೆಲೆ ಏನೆಂದು ಗೊತ್ತಿರಬೇಕು. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು, ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25ರಷ್ಟು ಒಳಮೀಸಲಾತಿ ಇದೆ. ಸಿಇಟಿ ಸೀಟು ಹಂಚಿಕೆಯಲ್ಲೂ ಈ ಎರಡು ಗುಂಪುಗಳಿಗೆ ಕ್ರಮವಾಗಿ ಶೇ. 5, ಶೇ. 15 ಇದೆ. ಎರಡಕ್ಕೂ ಕೇಳುವುದು ಒಂದರಿಂದ ಹತ್ತನೇ ತರಗತಿವರೆಗಿನ ಪೂರ್ತಿ ಹತ್ತು ವರ್ಷದ ಓದು. ಏಳು ವರ್ಷ ಕನ್ನಡದಲ್ಲಿ ಓದಿ ಎಂಟಕ್ಕೆ ಮಾಧ್ಯಮ ಬದಲಿಸಿದವರಿಗೆ ಮೊದಲನೆಯದು ಹೋಯಿತು. ಹಳ್ಳಿ ಬಿಟ್ಟು ನಗರಸಭೆಯ ವ್ಯಾಪ್ತಿಯ ಪ್ರೌಢಶಾಲೆ ಸೇರಿದವರಿಗೆ ಎರಡನೆಯದೂ ಹೋಯಿತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅರ್ಜಿ ತುಂಬುವಾಗ ಇದು ತಿಳಿದು ಹಣೆ ಬಡಿದುಕೊಳ್ಳುವವರಿದ್ದಾರೆ. ಇಂಗ್ಲಿಷ್ ಮಾಧ್ಯಮದಿಂದ ಸಿಗುವ ಲಾಭ ಇದಕ್ಕಿಂತ ಹೆಚ್ಚೆಂದು ಲೆಕ್ಕ ಹಾಕಿಯೇ ಹೋಗುವುದಾದರೆ ಸರಿ. ಲೆಕ್ಕವನ್ನೇ ಹಾಕದೆ ಹೋಗುವುದು ಬೇಡ.

ಇದೇ ಸಾಲಿಗೆ ಸೇರುವ ಇನ್ನೊಂದು ಲೆಕ್ಕ ವಿದ್ಯಾರ್ಥಿವೇತನ ಪರೀಕ್ಷೆಯಾದ ಎನ್‌ಎಂಎಂಎಸ್‌ನದು. ಎಂಟನೇ ತರಗತಿಯಲ್ಲಿರುವಾಗ ಬರೆಯುವ ಈ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ನಾಲ್ಕು ವರ್ಷಕ್ಕೆ 48,000. ದೇಶದಲ್ಲಿ ಒಂದು ಲಕ್ಷ ಮಕ್ಕಳಿಗೆ, ಅದರಲ್ಲಿ ಕರ್ನಾಟಕದ ಪಾಲು 5,534. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರಬೇಕು, ಏಳನೇ ತರಗತಿಯಲ್ಲಿ ಶೇ. 55 ಅಂಕ ಬಂದಿರಬೇಕು; ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 50 ಸಾಕು. ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ, ಮಗು ಓದುತ್ತಿರುವುದು ಸರ್ಕಾರಿ ಅಥವಾ ಅನುದಾನಿತ ಶಾಲೆಯಾಗಿರಬೇಕು. ಸಾಲ ಮಾಡಿ ಎಂಟಕ್ಕೆ ಖಾಸಗಿ ಶಾಲೆಗೆ ಸೇರಿಸಿದ ದಿನವೇ ಈ ಬಾಗಿಲು ಮುಚ್ಚುತ್ತದೆ. ಪರೀಕ್ಷೆಯಲ್ಲಿ ಬೌದ್ಧಿಕ ಸಾಮರ್ಥ್ಯದ 90, ಪಠ್ಯದ 90 ಪ್ರಶ್ನೆಗಳಿರುತ್ತವೆ. ಪಠ್ಯದ ಪ್ರಶ್ನೆಗಳಲ್ಲಿ ಏಳನೇ ತರಗತಿಯವೂ ಸೇರುವುದರಿಂದ ಹಳೇ ಪುಸ್ತಕಗಳನ್ನು ರದ್ದಿಗೆ ಹಾಕದಿರುವುದು ಒಳ್ಳೆಯದು.

ಓದಿನ ಸಿದ್ಧತೆಯ ವಿಷಯಕ್ಕೆ ಬಂದರೆ, ಎಂಟರಲ್ಲಿ ಮಗುವಿಗೆ ತಟ್ಟುವ ಮೊದಲ ಬದಲಾವಣೆ ಪಾಠದ್ದಲ್ಲ, ಪಾಠ ಮಾಡುವವರದ್ದು. ಪ್ರಾಥಮಿಕ ಶಾಲೆಯಲ್ಲಿ ಒಬ್ಬಿಬ್ಬರು ಶಿಕ್ಷಕರೇ ಇಡೀ ದಿನ ಜೊತೆಗಿರುತ್ತಿದ್ದರು. ಯಾರ ಮನೆಯಲ್ಲಿ ಏನು ಕಷ್ಟ ಎಂಬುದೂ ಅವರಿಗೆ ಗೊತ್ತಿತ್ತು. ಪ್ರೌಢಶಾಲೆಯಲ್ಲಿ ಗಂಟೆ ಹೊಡೆದಂತೆಲ್ಲ ಒಬ್ಬೊಬ್ಬರು ಬರುತ್ತಾರೆ. ಗಣಿತಕ್ಕೆ ಪಿಸಿಎಂ ಸರ್, ಜೀವಶಾಸ್ತ್ರಕ್ಕೆ ಸಿಬಿಝಡ್ ಮೇಡಂ, ಮೂರು ಭಾಷೆಗೆ ಮೂವರು, ಸಮಾಜಕ್ಕೆ ಇನ್ನೊಬ್ಬರು, ದೈಹಿಕ ಶಿಕ್ಷಣಕ್ಕೆ ಮತ್ತೊಬ್ಬರು. ನಾಲ್ಕಾರು ಹಳ್ಳಿಗಳಿಂದ ಬಂದ ಅರವತ್ತು ಮಕ್ಕಳ ನಡುವೆ ‘ಅರ್ಥವಾಗಲಿಲ್ಲ’ ಎಂದು ಎದ್ದು ನಿಂತು ಹೇಳಲು ಧೈರ್ಯ ಬೇಕು. ತಮ್ಮ ಶಾಲೆಯಲ್ಲಿ ಮೊದಲನೆಯವಳಾಗಿದ್ದ ಹುಡುಗಿ ಇಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತುಬಿಡುವುದು ಅಪರೂಪವಲ್ಲ.

ಇದಕ್ಕೆಂದೇ ಸೇತುಬಂಧವಿದೆ. ಶಾಲೆ ಶುರುವಾದ ಮೊದಲ ವಾರಗಳಲ್ಲಿ ಹೊಸ ಪಾಠ ತೆಗೆಯದೆ, ಹಿಂದಿನ ತರಗತಿಯಲ್ಲಿ ಕಲಿತಿರಬೇಕಾದ್ದನ್ನು ಪೂರ್ವ ಪರೀಕ್ಷೆಯಿಂದ ಅಳೆದು, ಕೊರತೆಯಿದ್ದಲ್ಲಿ ಕಲಿಸಿ, ಸಾಫಲ್ಯ ಪರೀಕ್ಷೆಯಿಂದ ಮತ್ತೆ ನೋಡುವ ಕ್ರಮ. ಯೋಚನೆ ಸೊಗಸಾಗಿದೆ. ನಡೆಯುವುದು ಶಾಲೆಯಿಂದ ಶಾಲೆಗೆ ಬೇರೆ. ಕೆಲವು ಕಡೆ ಅದು ಕಡತದ ಕೆಲಸವಾಗಿ ಮುಗಿಯುತ್ತದೆ. ಕೊರತೆಯಂತೂ ಸಣ್ಣದಲ್ಲ. 2022ರ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಎಂಟನೇ ತರಗತಿ ಮಕ್ಕಳಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಅರ್ಧಕ್ಕಿಂತ ಕಡಿಮೆ, ಶೇ. 44.7. ಎಂಟರ ಗಣಿತದಲ್ಲಿ ಭಾಗಲಬ್ಧ ಸಂಖ್ಯೆ, ಬೀಜೋಕ್ತಿ, ಸಮೀಕರಣಗಳು ಎದುರಾಗುವಾಗ ಭಾಗಾಕಾರ, ಭಿನ್ನರಾಶಿ, ಋಣಸಂಖ್ಯೆಗಳಲ್ಲಿ ಎಡವುವ ಮಗುವಿಗೆ ಯಾವ ಟ್ಯೂಷನ್ನೂ ತಕ್ಷಣಕ್ಕೆ ಒದಗದು. ಬೇಸಿಗೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ಇವಿಷ್ಟನ್ನೇ ತಿದ್ದಿದರೆ ಎಂಟರ ಪುಸ್ತಕವನ್ನು ಮೊದಲೇ ಓದಿಸುವುದಕ್ಕಿಂತ ಹೆಚ್ಚು ಪ್ರಯೋಜನ. ದಿನಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿ, ಪತ್ರಿಕೆ ಮಡಚಿಟ್ಟು, ತನ್ನ ಮಾತಿನಲ್ಲಿ ಐದು ವಾಕ್ಯ ಬರೆಯುವ ಅಭ್ಯಾಸ ಎಲ್ಲ ವಿಷಯಗಳಿಗೂ ಸಲ್ಲುತ್ತದೆ. ಮಾಧ್ಯಮ ಬದಲಿಸುವ ಮಕ್ಕಳಿಗೆ ಮಾತ್ರ ಬೇರೆ ದಾರಿ ಬೇಕು. ಪಠ್ಯಪುಸ್ತಕ ಸಂಘ ಎರಡೂ ಮಾಧ್ಯಮದ ಪುಸ್ತಕಗಳನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಏಳನೇ ತರಗತಿಯ ಗಣಿತ, ವಿಜ್ಞಾನವನ್ನೇ ಇಂಗ್ಲಿಷ್‌ನಲ್ಲಿ ಪಕ್ಕಪಕ್ಕ ಇಟ್ಟುಕೊಂಡು ಓದಿದರೆ, ವಿಷಯ ಗೊತ್ತಿರುವುದರಿಂದ ಭಾಷೆಯೊಂದನ್ನೇ ಹಿಡಿಯಬೇಕಾಗುತ್ತದೆ.

ದೂರದ ಪ್ರಶ್ನೆಗೆ ಬಹಳ ಮಕ್ಕಳ ಓದು ನಿಂತಿದೆ. ಹಿರಿಯ ಪ್ರಾಥಮಿಕ ಶಾಲೆ ಮೂರು ಕಿಲೋಮೀಟರಿನೊಳಗೆ, ಪ್ರೌಢಶಾಲೆ ಐದು ಕಿಲೋಮೀಟರಿನೊಳಗೆ ಇರಬೇಕೆಂಬುದು ಮಾನದಂಡ. ಐದು ಕಿಲೋಮೀಟರ್ ನಕ್ಷೆಯಲ್ಲಿ ಚಿಕ್ಕದು. ಮಲೆನಾಡಿನ ಜುಲೈ ಮಳೆಯಲ್ಲಿ, ರಾಯಚೂರಿನ ಮಾರ್ಚ್ ಬಿಸಿಲಿನಲ್ಲಿ ಹನ್ನೆರಡು-ಹದಿಮೂರರ ಹುಡುಗಿ ಒಬ್ಬಳೇ ನಡೆಯಬೇಕಾದಾಗ ಅದು ಬೇರೆಯೇ ದೂರ. ಈ ಕಾರಣಕ್ಕೇ 2006–07ರಲ್ಲಿ ಎಂಟನೇ ತರಗತಿಗೆ ಸೇರಿದ ಬಡ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು, ಮುಂದೆ ಹುಡುಗರಿಗೂ ವಿಸ್ತರಿಸಿತು. ಬೆಳಗ್ಗೆ ಊರ ದಾರಿಯಲ್ಲಿ ಸಾಲುಸಾಲು ಸೈಕಲ್ಲುಗಳು ಸಾಗುವ ನೋಟ ಒಂದು ದಶಕ ಕಾಲ ಕರ್ನಾಟಕದ ಎಲ್ಲ ಕಡೆ ಇತ್ತು. ಕೊರೊನಾ ಕಾಲದಲ್ಲಿ ನಿಂತ ವಿತರಣೆ ಆಮೇಲೆ ಮೊದಲಿನಂತೆ ಮರಳಲಿಲ್ಲ. ಸೈಕಲ್ಲುಗಳ ಗುಣಮಟ್ಟದ ಬಗ್ಗೆ ಟೀಕೆ ಇತ್ತು, ನಿಜ. ಗುಣಮಟ್ಟ ಸರಿಪಡಿಸುವುದು ಬಿಟ್ಟು ಸೈಕಲ್ಲನ್ನೇ ಬಿಟ್ಟದ್ದು ಸರಿಯಾದ ಲೆಕ್ಕವಲ್ಲ.

2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸು ಓಡುವ ದಾರಿಯಲ್ಲಿ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆಯಿಲ್ಲ. ಬಸ್ಸೇ ಬಾರದ ಊರುಗಳಿಗೆ ಹಾಸ್ಟೆಲ್ ಉಳಿದ ದಾರಿ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯಗಳಿಗೆ ಆನ್‌ಲೈನ್ ಅರ್ಜಿ ಹಾಕಬೇಕು. ಶಾಲೆಯ ಪ್ರವೇಶದ ಜೊತೆಯಲ್ಲೇ ಇದನ್ನೂ ಮುಗಿಸಬೇಕು, ಇಲ್ಲವಾದರೆ ಶಾಲೆ ಇದ್ದೂ ಮಲಗಲು ಜಾಗವಿಲ್ಲದ ಸ್ಥಿತಿ. ಊಟದ ಮಟ್ಟಿಗೆ ಪೋಷಕರಿಗೆ ಒಂದು ತಪ್ಪು ತಿಳಿವಳಿಕೆಯಿದೆ, ಬಿಸಿಯೂಟ ಏಳಕ್ಕೆ ಮುಗಿಯುತ್ತದೆಂದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಅದು ಹತ್ತನೇ ತರಗತಿಯವರೆಗೂ ಇದೆ, ಹಾಲೂ ಮೊಟ್ಟೆಯೂ ಸೇರಿ.

ಏಳರ ಗೆರೆ ಇಲ್ಲದ ಮಕ್ಕಳಿಗೆ ಇನ್ನೊಂದು ಗೆರೆ ಕಾದಿರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಶೇ. 25ರ ಕೋಟಾದಲ್ಲಿ ಖಾಸಗಿ ಶಾಲೆಗೆ ಸೇರಿದವರಿಗೆ ಶುಲ್ಕ ಕೊಡುವುದು ಸರ್ಕಾರ, ಆದರೆ ಎಂಟರವರೆಗೆ ಮಾತ್ರ. 2012–13ರಲ್ಲಿ ಒಂದನೇ ತರಗತಿಗೆ ಹೀಗೆ ಸೇರಿದ ಮೊದಲ ತಂಡ 2020ರಲ್ಲಿ ಒಂಬತ್ತರ ಹೊಸ್ತಿಲಿಗೆ ಬಂದಾಗ ಪೂರ್ತಿ ಶುಲ್ಕ ಎದುರಾಯಿತು, ಅದೂ ಕೊರೊನಾದಿಂದ ಕೂಲಿ ನಿಂತ ವರ್ಷದಲ್ಲಿ. ಇಂಥ ಮಕ್ಕಳ ಪೋಷಕರು ಏಳನೇ ತರಗತಿಯಲ್ಲೇ ಯೋಚಿಸಬೇಕು. ಒಂಬತ್ತರಲ್ಲಿ ಶಾಲೆ ಬದಲಿಸುವುದಕ್ಕಿಂತ ಎಂಟಕ್ಕೇ ಸರ್ಕಾರಿ ಪ್ರೌಢಶಾಲೆಗೆ ಬಂದರೆ ಹೊಸ ಜಾಗಕ್ಕೆ ಹೊಂದಿಕೊಳ್ಳಲು ಒಂದು ವರ್ಷ ಹೆಚ್ಚು ಸಿಗುತ್ತದೆ, ಎನ್‌ಎಂಎಂಎಸ್ ಪರೀಕ್ಷೆಗೂ ಅರ್ಹತೆ ಬರುತ್ತದೆ. ಎಂಟರಲ್ಲಿರುವಾಗ ಬರೆದು ಒಂಬತ್ತಕ್ಕೆ ಸೇರಬಹುದಾದ ಪ್ರವೇಶ ಪರೀಕ್ಷೆಗಳೂ ಇವೆ: ನವೋದಯ ವಿದ್ಯಾಲಯಗಳ ಖಾಲಿ ಸೀಟುಗಳಿಗೆ, ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಿಗೆ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯಗಳ ಪ್ರವೇಶ ಪರೀಕ್ಷೆ ಇರುವುದು ಐದನೇ ತರಗತಿಯ ಮಕ್ಕಳಿಗೆ. ಏಳಕ್ಕೆ ಬಂದಾಗ ಅವನ್ನು ಹುಡುಕಿ ಹೋದರೆ ಹೆಚ್ಚಿನಂಶ ಬರಿಗೈಯಲ್ಲೇ ಮರಳಬೇಕು.

ಜೂನ್ ತಪ್ಪಿಸಿಕೊಂಡ ಮಕ್ಕಳ ವಿಷಯ ಉಳಿಯಿತು. ಗುಳೆಯಿಂದ ತಡವಾಗಿ ಮರಳಿದವರು, ಕಾಯಿಲೆ ಬಿದ್ದವರು, ಕೆಲಸಕ್ಕೆ ಹೋಗಿ ಆಗಸ್ಟ್‌ನಲ್ಲಿ ಮನಸ್ಸು ಬದಲಿಸಿದವರು. ‘ದಾಖಲಾತಿ ಮುಗಿದಿದೆ, ಮುಂದಿನ ವರ್ಷ ಬನ್ನಿ’ ಎಂಬ ಮಾತು ಕಚೇರಿಯ ಕಿಟಕಿಯಲ್ಲಿ ಸುಲಭವಾಗಿ ಬರುತ್ತದೆ, ಕೇಳಿದವರು ಹಾಗೆಯೇ ಮನೆಗೆ ಹೋಗುತ್ತಾರೆ. ಎಂಟನೇ ತರಗತಿಯವರೆಗೆ ಅದು ಸಲ್ಲದ ಮಾತು. ಅವಧಿ ಮೀರಿ ಬಂದ ಮಗುವಿಗೂ ಪ್ರವೇಶ ನಿರಾಕರಿಸಬಾರದೆಂದು ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಓದು ಬಿಟ್ಟು ವರ್ಷ ಕಳೆದಿದ್ದರೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದು 4ನೆಯದು. ಟಿ.ಸಿ. ಕೈಯಲ್ಲಿಲ್ಲದಿದ್ದರೂ ಸ್ಯಾಟ್ಸ್ ಸಂಖ್ಯೆಯಿದ್ದರೆ ಹಳೇ ಶಾಲೆಯ ದಾಖಲೆ ಸಿಗುತ್ತದೆ. ಆ ಸಂಖ್ಯೆ ಹಳೇ ಪ್ರಗತಿ ಪತ್ರದ ಮೇಲೆಯೋ ಹಳೇ ಶಾಲೆಯ ಕಡತದಲ್ಲೋ ಇರುತ್ತದೆ. ಶಾಲೆಯವರು ಒಪ್ಪದಿದ್ದರೆ ಬಿಇಒ ಕಚೇರಿಗೆ ಹೋಗಿ ಲಿಖಿತವಾಗಿ ದೂರು ಕೊಡುವುದು. ಸೇತುಬಂಧ ತಪ್ಪಿರುತ್ತದೆ, ಮೊದಲ ಕಿರುಪರೀಕ್ಷೆಯೂ ಮುಗಿದಿರಬಹುದು. ಆದರೆ ಎನ್‌ಎಂಎಂಎಸ್ ಪರೀಕ್ಷೆಗೆ ಆಗಸ್ಟ್‌ನಲ್ಲಿ ಇನ್ನೂ ಕೆಲವು ತಿಂಗಳಿರುತ್ತದೆ.